ಬೆನ್ನು ಹೊರಗಿಟ್ಟ ಕಲ್ಲುಗಳು

ಆ ಕಲ್ಲುಕುಟಿಗ ತಾತನನ್ನು ನಾನು ಮೊದಲು ಕಂಡದ್ದು, ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಕೂಡಿ ಲೋಕ ಮುಳುಗಿಹೋಗುತ್ತದೆಂದು ಊರೆಲ್ಲ ಹೆದರಿದ್ದ ದಿನಗಳಲ್ಲಿ. ನೆನಪೊಂದನ್ನೇ ನಂಬಿ ಇದನ್ನು ಬರೆಯುತ್ತಿಲ್ಲ. ನನ್ನ ದಿನಚರಿಯಲ್ಲಿ ಆ ಸಂಜೆಯ ಟಿಪ್ಪಣಿಯಿದೆ. ಪ್ಲವ ಸಂವತ್ಸರದ ಪಂಚಾಂಗ ತೆಗೆದು ನೋಡಿದರೆ ಅದು ಪುಷ್ಯ ಮಾಸದ ಕೊನೆಯ ದಿನಗಳಿಗೆ ಸರಿಹೊಂದುತ್ತದೆ. ಅಂದರೆ ೧೯೬೨ರ ಫೆಬ್ರವರಿಯ ಮೊದಲ ವಾರ. ಒಂದು ಕಡೆ ಮಾತ್ರ ನೆನಪಿಗೂ ಬರಹಕ್ಕೂ ತಕರಾರಿದೆ. ಅಂದು ಮೋಡ ಕವಿದಿತ್ತೆಂದು ನನ್ನ ನೆನಪು. ‘ಬಿಸಿಲು, ಒಣಗಾಳಿ’ ಎಂದು ದಿನಚರಿ. ನಾನು ದಿನಚರಿಯನ್ನು ಒಪ್ಪುತ್ತೇನೆ.

ಆಗ ನಾನು ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೆಂದ ಹುಳುವಿನ ವಾಸನೆ ಬಟ್ಟೆಗೂ ಪುಸ್ತಕಕ್ಕೂ ಹತ್ತಿರುತ್ತಿತ್ತು. ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಇಬ್ಬರೂ ನಾನು ಓದುತ್ತಿದ್ದಾಗಲೇ ತೀರಿಕೊಂಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಮರುದಿನ ಬೆಳಿಗ್ಗೆಯವರೆಗೆ ಒಂದು ಮಾತನ್ನೂ ಆಡದೆ ಕಳೆದ ದಿನಗಳು ಎಷ್ಟೋ. ಅಂಥ ದಿನಗಳಲ್ಲಿ ನನಗೆ ಜೊತೆಯಾಗಿದ್ದುದು ಒಂದು ತಗಡಿನ ಪೆಟ್ಟಿಗೆ ಮತ್ತು ಅದರೊಳಗಿದ್ದ, ಸಮುದ್ರದಿಂದ ಇಷ್ಟು ದೂರಕ್ಕೆ ಹೊತ್ತು ತಂದಿದ್ದ ಒಂದು ಬಂದರು.

ಬಂದರೆಂದರೆ ಅದರ ನಕ್ಷೆಗಳು, ಅಳತೆಗಳು, ಪಡಿಯಚ್ಚುಗಳು. ಏಕೀಕರಣದ ಮರುವರ್ಷ ನನಗೆ ಕರಾವಳಿಯ ಶಾಲೆಯೊಂದಕ್ಕೆ ವರ್ಗವಾಗಿತ್ತು. ಹೋದದ್ದು ಆ ವರ್ಷವೇ ಎನ್ನಲು ಆಧಾರ, ಪುಸ್ತಕದೊಳಗೆ ಉಳಿದಿರುವ ಬಸ್ಸಿನ ಟಿಕೀಟು: ಅದರಲ್ಲಿ ಆಣೆಯಿಲ್ಲ, ಆ ವರ್ಷವೇ ಬಳಕೆಗೆ ಬಂದ ನಯಾಪೈಸೆಯಿದೆ. ಆ ಊರಿನಲ್ಲಿ ಹಳೆಯ ಪಾಳೆಯಗಾರನೊಬ್ಬ ಕಟ್ಟಿಸಿದನೆನ್ನುವ ಕಲ್ಲಿನ ಬಂದರೊಂದಿತ್ತು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕೊಕ್ಕೆಯಂತೆ ಬಾಗಿ ಸಮುದ್ರದೊಳಕ್ಕೆ ಚಾಚಿದ ಅಲೆತಡೆ ಗೋಡೆ. ಅದರ ಒಳಮಗ್ಗುಲಿಗೆ ಸರಕು ಇಳಿಸುವ ಧಕ್ಕೆ. ಧಕ್ಕೆಯಿಂದ ನೀರಿಗಿಳಿಯುವ ಮೆಟ್ಟಿಲುಗಳು. ಹಗ್ಗ ಉಜ್ಜಿ ಉಜ್ಜಿ ಕೊರಳು ಸವೆದ ಕಲ್ಲುಗೂಟಗಳು. ಗೋಡೆಯ ತಳದಲ್ಲಿ ಒರಟು ಬಂಡೆಗಳ ರಾಶಿ, ಅದರ ಮೇಲೆ ಹದವಾಗಿ ಕುಟ್ಟಿದ ಕಲ್ಲಿನ ಸಾಲುಗಳು. ಪ್ರತಿ ಸಾಲೂ ಕೆಳಗಿನ ಸಾಲಿಗಿಂತ ಒಂದು ಬೆರಳಿನಷ್ಟು ಹಿಂದಕ್ಕೆ ಸರಿದಿದ್ದರಿಂದ ಇಡೀ ಗೋಡೆ ಅಲೆಗೆ ಎದೆಗೊಡದೆ ಓರೆಯಾಗಿ ಒರಗಿತ್ತು. ಎಲ್ಲಿಯೂ ಗಾರೆಯಿಲ್ಲ.

ಆ ಗೋಡೆಯ ಮೈಮೇಲೆ ಅಲ್ಲಲ್ಲಿ ಹನ್ನೊಂದು ಕಲ್ಲುಗಳಲ್ಲಿ ಉಳಿಯ ಗುರುತುಗಳಿದ್ದವು. ಒಂದರಲ್ಲಿ ತ್ರಿಶೂಲ, ಒಂದರಲ್ಲಿ ಮೀನಿನ ಮುಳ್ಳಿನಂಥ ಗೆರೆಗಳು, ಒಂದರಲ್ಲಿ ಅರ್ಧಚಂದ್ರ. ನೀರು ಇಳಿದಾಗ ಮಂಡಿಯುದ್ದ ಪಾಚಿಯಲ್ಲಿ ನಿಂತು ಒದ್ದೆ ಕಾಗದ ಒತ್ತಿ, ಮಸಿ ಸವರಿ, ಹನ್ನೊಂದಕ್ಕೂ ಪಡಿಯಚ್ಚು ತೆಗೆದೆ. ಆ ಬಂದರಿನ ಮೇಲೆ ನಾನು ಬರೆಯುತ್ತಿದ್ದ ಸಂಶೋಧನಾ ಪ್ರಬಂಧದ ಬೆನ್ನೆಲುಬೇ ಅವು. ಹನ್ನೊಂದು ಗುರುತು ಎಂದರೆ ಹನ್ನೊಂದು ಕಸುಬುದಾರ ತಂಡಗಳು. ಪಾಳೆಯಗಾರನ ಕಾಲದಲ್ಲಿ, ಒಂದೇ ಸಲದ ಕೆಲಸವಾಗಿ, ತಲಾ ಒಂದು ಭಾಗದಂತೆ ಅವರು ಗೋಡೆಯನ್ನು ಎಬ್ಬಿಸಿದರು ಎಂಬುದು ನನ್ನ ವಾದ. ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ಅದನ್ನು ಮೆಚ್ಚಿದ್ದರು. ೧೯೬೨ರ ಕೊನೆಗೆ ಪ್ರಬಂಧ ಒಪ್ಪಿಸಬೇಕಿತ್ತು. ಒಪ್ಪಿಸಿದರೆ ಕಾಲೇಜಿನ ಕೆಲಸ; ಬೆಂದ ಹುಳುವಿನ ವಾಸನೆಯಿಂದಲೂ, ಮಾತಿಲ್ಲದ ಸಂಜೆಗಳಿಂದಲೂ ಬಿಡುಗಡೆ.

ಗ್ರಹಕೂಟದ ದಿನ ಶಾಲೆಗೆ ಹುಡುಗರು ಬರಲಿಲ್ಲ. ಊರಿನಿಂದ ಎರಡು ಮೈಲಿಯಾಚೆಯ ಕೆರೆಯ ಕಡೆಗೆ ನಡೆದೆ. ಅಲ್ಲಿ ಏರಿಯ ಒಳಮೈಗೆ ಹೊದಿಸಿದ ಕಲ್ಲುಗೋಡೆ ಕುಸಿದು ದುರಸ್ತಿ ನಡೆಯುತ್ತಿತ್ತು. ಆಳುಗಳೆಲ್ಲ ಹೆದರಿ ಮನೆ ಸೇರಿದ್ದರು. ಮುದುಕರೊಬ್ಬರು ಮಾತ್ರ ತೆಳ್ಳನೆಯ ಕಾಲುಗಳನ್ನು ಕಲ್ಲಿನ ಎರಡು ಬದಿಗೆ ಚಾಚಿ ಕುಳಿತು ಕುಟ್ಟುತ್ತಿದ್ದರು.

“ಏನ್ ತಾತ, ಲೋಕ ಮುಳುಗೋ ದಿನಾನೂ ಕೆಲ್ಸಾನಾ?” ಎಂದೆ.

“ಮುಳುಗ್ಬೇಕಂದ್ರೆ ನೀರು ಬರ್ಬೇಕಲ್ಲ ಮೇಷ್ಟ್ರೇ. ಬಂದ್ರೆ ಕಟ್ಟೆ ಗಟ್ಟಿಗಿರ್ಲಿ ಅಂತ.” ಸುತ್ತಿಗೆ ನಿಲ್ಲಿಸದೆಯೇ ಅವರೆಂದರು.

ಅವರ ಮನೆಮಾತು ತೆಲುಗು. ಕನ್ನಡಕ್ಕೂ ಅದರ ರಾಗವೇ. ಧಾತು ಸಂವತ್ಸರದ ಬರ ಕಳೆದು ಹತ್ತು ವರ್ಷಕ್ಕೆ ಹುಟ್ಟಿದವರಂತೆ. ಹಾಗಿದ್ದರೆ ಆಗ ಅವರಿಗೆ ಎಪ್ಪತ್ತೈದರ ಆಸುಪಾಸು. ಗಾರೆ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ಬಂದರಿನ ಗೋಡೆಯ ವಿಚಾರದಲ್ಲಿ ಐದು ವರ್ಷ ನನ್ನನ್ನು ಕಾಡಿದ್ದ ಪ್ರಶ್ನೆ ಅದು.

“ಗಾರೆ ಹಾಕಿದ್ರೆ ಗೋಡೆಗೆ ಉಸುರು ಕಟ್ತದೆ,” ಎಂದರು ತಾತ. “ನೀರು ಎದುರಿಂದ ಒತ್ತೋವಾಗ ಏನೂ ಆಗಲ್ಲ, ತಡ್ಕೊಂತದೆ. ಇಳೀತದಲ್ಲ, ಆವಾಗ ನೋಡಿ. ಹಿಂದ್ಗಡೆ ಸೇರ್ಕೊಂಡಿರೋ ನೀರು ಮುಂದುಕ್ಕೆ ತಳ್ತದೆ. ಅದುಕ್ಕೆ ಸಂದು ಬಿಡ್ಬೇಕು. ಇಲ್ದಿದ್ರೆ ಬಸುರಿ ಹೊಟ್ಟೆ ಉಬ್ದಂಗೆ ಉಬ್ಬಿ ಬಿದ್ದೋಗ್ತದೆ.”

ಐದು ವರ್ಷದ ಪ್ರಶ್ನೆಗೆ ಆರು ವಾಕ್ಯದ ಉತ್ತರ. ಆ ಹುರುಪಿನಲ್ಲಿ ನಾನು ಬಂದರಿನ ಕಥೆ ತೆಗೆದೆ. ಗೋಡೆಯ ಮೈಮೇಲಿನ ಗುರುತುಗಳನ್ನು ಹೇಳಿದೆ. ಸುತ್ತಿಗೆ ನಿಂತಿತು.

“ಗುರುತು ಹೊರಗಡೆ ಕಾಣ್ತಾವಾ?”

“ಹೂಂ. ಹನ್ನೊಂದು ಕಲ್ಲಲ್ಲಿ.”

ಅವರು ತಾವು ಕುಟ್ಟುತ್ತಿದ್ದ ಕಲ್ಲನ್ನು ಹಾರೆಯಿಂದ ಮೀಟಿ ಪಕ್ಕಕ್ಕೆ ಉರುಳಿಸಿದರು. ಗೋಡೆಯೊಳಗೆ ಹುದುಗುವ ಒರಟು ಬದಿಯಲ್ಲಿ ಒಂದು ಅರ್ಧಚಂದ್ರ, ಅದರ ಕೆಳಗೆ ಮೂರು ಗೆರೆ. “ಇದು ನಮ್ಮನೆ ಗುರುತು. ನಮ್ಮ ತಾತಂಗೆ ಒಂದು ಗೆರೆ, ನಮ್ಮ ನಾಯ್ನಂಗೆ, ಅಂದ್ರೆ ಅಪ್ಪಂಗೆ, ಎರಡು, ನಂಗೆ ಮೂರು. ನನ್ ಮಗ ನಾಲ್ಕು ಹಾಕ್ತಾನೆ. ಕಲ್ಲಿನ ಮುಖ ಕಟ್ಟಿಸ್ದೋನ್ದು ಮೇಷ್ಟ್ರೇ, ಬೆನ್ನು ಕುಟ್ದೋನ್ದು. ಗುರುತು ಬೆನ್ನಿಗೇ ಹಾಕೋದು, ಒಳಗಡೀಕೇ ಹೋಗೋದು.”

“ಹಂಗಾದ್ರೆ ಅಲ್ಲಿ ಯಾಕೆ ಹೊರಗಿದೆ?”

“ಕೆಲ್ಸದಾಗೆ ಯಾವನಾದ್ರೂ ಸತ್ರೆ, ಅವ್ನು ಕಡೇದಾಗಿ ಕುಟ್ಟಿದ ಕಲ್ಲನ್ನ ತಿರುಗ್ಸಿ ಇಡ್ತೀವಿ. ಬೆನ್ನು ಹೊರಗೆ ಬರಂಗೆ. ಮಣ್ಣು ಎಲ್ಲಿ ಮಾಡಿದ್ರೋ, ಇಲ್ವೋ. ಅವ್ನ ಗುರುತು ಬಿಸ್ಲು ಕಾಣ್ಲಿ ಅಂತ.”

ನನ್ನ ಹನ್ನೊಂದು ತಂಡಗಳು ಹನ್ನೊಂದು ಹೆಣಗಳಾದವು.

ಮುಂದಿನ ಭಾನುವಾರ ಪಡಿಯಚ್ಚುಗಳನ್ನು ಸುತ್ತಿಕೊಂಡು ಅವರ ಮನೆಗೆ ಹೋದೆ. ಚಿಕ್ಕಬಳ್ಳಾಪುರದ ರಸ್ತೆಯ ಬದಿಗೆ, ಗುಡ್ಡದ ಬುಡದಲ್ಲಿ ಏಳೆಂಟು ಮನೆಗಳ ಹಟ್ಟಿ. ಸೊಸೆ ಚಾಪೆ ಹಾಸಿದಳು. ಪಕ್ಕದ ಮನೆಯಿಂದ ತಾತನ ದಾಯಾದಿಯೊಬ್ಬ, ಅವರಷ್ಟೇ ವಯಸ್ಸಿನವನು, ಎಲೆಯಡಿಕೆ ಮೆಲ್ಲುತ್ತ ಬಂದು ಕುಳಿತ. ಹಾಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಆರನೆಯದಕ್ಕೆ ತಾತನ ಕೈ ಮುಂದೆ ಬಂತು. ಅರ್ಧಚಂದ್ರ, ಅದರ ಕೆಳಗೆ ಎರಡು ಗೆರೆ.

ಗೆರೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಸೊಸೆ ಬಗ್ಗಿ ನೋಡಿ, “ಮಾವಂಗೆ ಬೆಳಗ್ಗೆ ಉಂಡಿದ್ದು ನೆನಪಿರಲ್ಲ ಮೇಷ್ಟ್ರೇ, ಇದು ಮಾತ್ರ ಹಂಗೇ ನೆನಪೈತೆ. ನನ್ ಮದ್ವೆ ಆದ ದಿನಾನೇ ನೆಲದ ಮೇಲೆ ಗೀಚಿ ತೋರ್ಸಿದ್ರು,” ಎಂದಳು.

ಸಂಗತಿಯನ್ನು ಆಕೆಯೇ ಬಿಡಿಸಿ ಹೇಳಿದಳು. ತಾತನಿಗೆ ಐದಾರು ವರ್ಷವಿದ್ದಾಗ ಅವರ ತಂದೆ ಘಟ್ಟದ ಕೆಳಗೆ ‘ಸಮುದ್ರದ ಕೆಲಸ’ ಎಂದು ಒಂದು ತಂಡದೊಡನೆ ಹೋದವರು ಹಿಂದಿರುಗಲಿಲ್ಲ. ತಂಡದವರೂ ಚದುರಿಹೋದರು, ಸುದ್ದಿ ತಂದವರಿಲ್ಲ. ಸತ್ತ ಸುದ್ದಿಯಿಲ್ಲದ್ದರಿಂದ ತಾತನ ತಾಯಿ ಸಾಯುವವರೆಗೂ ಹಣೆಗೆ ಕುಂಕುಮವಿಟ್ಟು ಬಳೆ ತೊಟ್ಟಳು. ವರ್ಷಕ್ಕೊಮ್ಮೆ ಪಿತೃಗಳಿಗೆ ಎಡೆಯಿಡುವಾಗ ಎಲ್ಲರ ಹೆಸರಿನಲ್ಲಿ ಎಲೆ ಹಾಕಿದರೂ ಆತನಿಗೆ ಮಾತ್ರ ಹಾಕಲಿಲ್ಲ. ಬದುಕಿರುವವನಿಗೆ ಎಡೆಯಿಟ್ಟರೆ ಅದಕ್ಕಿಂತ ಪಾಪವಿಲ್ಲ.

“ಸತ್ನೋ ಏನ್ ಕತೆಯೋ,” ದಾಯಾದಿ ಎಲೆಯಡಿಕೆ ಉಗಿದು ನಕ್ಕ. “ಅಲ್ಲೇ ಇನ್ನೊಬ್ಳನ್ನ ಕಟ್ಕೊಂಡು ಮೀನ್ಸಾರು ಉಣ್ಕಂಡು ಮಜವಾಗಿದ್ದ ಅಂತ ನಮ್ಮಪ್ಪ ಹೇಳೋನು. ನಿಂಗೆ ಅಲ್ಲಿ ಇನ್ನೂ ನಾಲ್ಕು ತಮ್ಮಂದ್ರು ಇರ್ತಾರೆ ಬಿಡು, ಹೋಗಿ ಪಾಲು ಕೇಳು.”

“ಥೂ, ಹೋಗೋ ನಿನ್ನ!” ಎಂದು ಸೊಸೆ ಬೈದಳು. ತಾತ ಬೈಯಲಿಲ್ಲ. ಎಪ್ಪತ್ತು ವರ್ಷ ಈ ಮಾತು ಕೇಳಿದವರು ಅವರು.

“ಮೇಷ್ಟ್ರೇ, ನೀವು ಓದ್ದೋರು. ಇದು ನಮ್ಮ ನಾಯ್ನಂದೇನಾ? ಹೂಂ ಅಂದ್ರೆ ಈ ಸಲ ಎಡೆ ಇಡ್ತೀನಿ. ಊಹೂಂ ಅಂದ್ರೆ ಇಡಲ್ಲ. ನಾನೂ ಹೋಗೋ ಟೈಮು.”

“ಈಗಲೇ ಹೇಳಕ್ಕಾಗಲ್ಲ ತಾತ. ಪರೀಕ್ಷೆ ಮಾಡ್ಬೇಕು,” ಎಂದೆ.

ಸಂಶೋಧಕನಾಗಿ ಅದು ಸರಿಯಾದ ಉತ್ತರ. ಅರ್ಧಚಂದ್ರವನ್ನು ಯಾರು ಬೇಕಾದರೂ ಕೆತ್ತಬಹುದು. ಮೂರನೆಯ ಗೆರೆಯೊಂದಿದ್ದು ಉಪ್ಪುನೀರಿಗೆ ಸವೆದಿರಬಹುದು. ಆದರೆ ಒಳಗಿನ ಕಾರಣ ಬೇರೆಯಿತ್ತು. ಇದು ಈ ತಾತನ ತಂದೆಯ ಕಲ್ಲಾದರೆ, ಗೋಡೆಯ ಆ ಭಾಗ ಹಿಂದಿನ ಶತಮಾನದ ಕೊನೆಯ ದುರಸ್ತಿ, ಪಾಳೆಯಗಾರನದಲ್ಲ. ಒಂದೇ ಕಾಲ, ಒಂದೇ ಸಲದ ಕೆಲಸ ಎಂಬ ನನ್ನ ವಾದವೂ ಅದರ ಜೊತೆಗೆ ಕುಸಿಯುತ್ತಿತ್ತು. ಕೋಣೆಗೆ ಮರಳಿ ಆ ಹಾಳೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಎರಡು ತಿಂಗಳು ಕೆರೆಯ ಕಡೆಗೆ ಹೋಗಲಿಲ್ಲ. ಆ ತಿಂಗಳುಗಳ ದಿನಚರಿಯಲ್ಲಿ ಹವೆಯ ವಿವರ ಬಿಟ್ಟರೆ ಬೇರೇನೂ ಇಲ್ಲ.

ಯುಗಾದಿಯ ಮರುದಿನ, ಸಂತೆಯ ಹತ್ತಿರ ತಾತ ಎದುರಾದರು. ಕಲ್ಲಿನ ವಿಚಾರ ಎತ್ತಲೇ ಇಲ್ಲ. “ಸೊರಗಿದ್ದೀರಲ್ಲ ಮೇಷ್ಟ್ರೇ, ಅಡಿಗೆ ಯಾರು ಮಾಡ್ತಾರೆ?” ಎಂದಷ್ಟೇ ಕೇಳಿದರು. ಯಾರೂ ಇಲ್ಲ, ನಾನೇ ಎಂದೆ. “ಒಬ್ರೇ ಉಂಬೋದು ಕಷ್ಟ,” ಎಂದು ಹೋದರು. ಆ ರಾತ್ರಿ ಹಾಳೆಯನ್ನು ಪೆಟ್ಟಿಗೆಯ ಮೇಲಕ್ಕೆ ತೆಗೆದಿಟ್ಟೆ.

ಬೇಸಿಗೆ ರಜೆಗೆ ಶಿಡ್ಲಘಟ್ಟದಿಂದ ಸಣ್ಣ ರೈಲು ಹತ್ತಿ ಹೊರಟೆ. ಬಂದರು ತಲುಪಲು ಎರಡೂವರೆ ದಿನ ಹಿಡಿಯಿತು. ಅಲ್ಲಿನ ಹಳೆಯ ಕಚೇರಿಯೊಂದರಲ್ಲಿ, ಗೆದ್ದಲು ತಿಂದ ಕಡತಗಳ ನಡುವೆ, ಬಿರುಗಾಳಿಗೆ ಬಿದ್ದ ಅಲೆತಡೆಯನ್ನು ಮತ್ತೆ ಕಟ್ಟಿದ ಕೆಲಸದ ಕಾಗದಗಳು ಸಿಕ್ಕವು. ಕಾಲ ತಾತನ ಎಳವೆಗೆ ಹೊಂದುತ್ತಿತ್ತು. ಕೆಲಸಗಾರರ ಬಗ್ಗೆ ‘ಘಟ್ಟದ ಮೇಲಿನ ಕಲ್ಲುಕುಟಿಗರು’ ಎಂಬ ಒಂದೇ ಮಾತು. ಹಗ್ಗ ಎಷ್ಟು, ಮರ ಎಷ್ಟು, ಕಲ್ಲು ಎಷ್ಟು ಎಂಬುದೆಲ್ಲ ಇತ್ತು. ಸತ್ತವರ ವಿಚಾರ ಇರಲಿಲ್ಲ.

ಇನ್ನುಳಿದದ್ದು ಗೋಡೆ. ನೀರು ಪೂರ್ತಿ ಇಳಿಯುವ ದಿನವನ್ನು ಮೀನುಗಾರರಿಂದ ಕೇಳಿ ತಿಳಿದು ಇಳಿದೆ. ಗೋಡೆಯ ತುದಿಯಲ್ಲಿ, ನಾನು ಊರು ಬಿಟ್ಟ ಮೇಲೆ, ಒಂದಿಷ್ಟು ಭಾಗ ಜಾರಿಬಿದ್ದಿತ್ತು. ಬಿದ್ದ ಕಲ್ಲುಗಳಲ್ಲಿ ತ್ರಿಶೂಲದ ಗುರುತಿನದೂ ಒಂದು. ಅದು ಮಗ್ಗುಲಾಗಿ ಬಿದ್ದಿದ್ದರಿಂದ ಹಿಂಬದಿ ಕಾಣುತ್ತಿತ್ತು. ನುಣುಪು, ಉಳಿಯ ಸಣ್ಣ ಸಣ್ಣ ಗೆರೆಗಳು ಸಾಲಾಗಿ, ಇನ್ನೂ ಹೊಸದರಂತೆ. ಅದು ಕಲ್ಲಿನ ಮುಖ. ಅಷ್ಟೂ ವರ್ಷ ಅದು ಒಳಕ್ಕೆ ತಿರುಗಿ ಕತ್ತಲೆಯನ್ನು ನೋಡುತ್ತಿತ್ತು.

ಅರ್ಧಚಂದ್ರದ ಕಲ್ಲು ಭದ್ರವಾಗಿಯೇ ನಿಂತಿತ್ತು. ಎರಡೇ ಗೆರೆ, ಮೂರನೆಯದು ಸವೆದ ಕುರುಹಿಲ್ಲ. ಭೂತಗನ್ನಡಿಯಲ್ಲಿ ನೋಡಿದೆ, ಉಗುರಿನಿಂದ ಸವರಿದೆ. ಪಕ್ಕದ ಕಲ್ಲಿಗೂ ಅದಕ್ಕೂ ನಡುವೆ ತಾತ ಹೇಳಿದಂಥ ಸಂದಿತ್ತು. ಅಂಗಿಯ ತೋಳು ಮಡಚಿ ಕೈ ತೂರಿಸಿದೆ. ಕಲ್ಲು ಒಂದು ಮೊಳಕ್ಕಿಂತ ಆಳವಿರಲಿಲ್ಲ. ಒಳಗೆ ತಣ್ಣನೆಯ ನೀರು ಮೆಲ್ಲಗೆ ಹೊರಕ್ಕೆ ಹರಿಯುತ್ತಿತ್ತು. ಬೆರಳನ್ನು ಹಿಂಬದಿಯ ಅಂಚಿನಾಚೆಗೆ ಬಾಗಿಸಿದೆ. ನುಣುಪಾಗಿತ್ತು. ಉಳಿಯ ಗೆರೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೆಂದು ಬರೆದಿಟ್ಟಿಲ್ಲ.

ಊರಿಗೆ ಮರಳುವಾಗ ಒಂದು ಸೀಸೆಯಲ್ಲಿ ಸಮುದ್ರದ ನೀರು ತುಂಬಿಕೊಂಡೆ. ಯಾಕೆಂದು ಗೊತ್ತಿರಲಿಲ್ಲ.

ತಾತ ಎಲ್ಲವನ್ನೂ ಕೇಳಿಸಿಕೊಂಡರು. ಸಂದಿನಲ್ಲಿ ಕೈ ಹಾಕಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು: “ಹಂಗಾದ್ರೆ ಹೂಂ ಅಂತೀರಾ?”

ಒಂದು ಅನುಮಾನ ಉಳಿದಿತ್ತು. ಇಂಥದೇ ಅರ್ಧಚಂದ್ರ ಬೇರೊಂದು ಮನೆತನಕ್ಕೂ ಇದ್ದಿರಬಹುದು. ಅದನ್ನು ಪರಿಶೀಲಿಸಲು ವರ್ಷಗಳು ಬೇಕು. ತಾತನ ಬಳಿ ಅಷ್ಟು ವರ್ಷಗಳಿರಲಿಲ್ಲ.

“ಹೂಂ, ತಾತ,” ಎಂದೆ. ಆಧಾರ ಪೂರ್ತಿಯಾಗುವ ಮೊದಲೇ ನಾನು ಕೊಟ್ಟ ತೀರ್ಮಾನ ಅದೊಂದೇ.

ಅವರು ಸೀಸೆಯ ನೀರನ್ನು ಅಂಗೈಗೆ ಸುರಿದು ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದರು. “ಅಯ್ಯಪ್ಪಾ! ಇಷ್ಟು ನೀರಿಟ್ಕೊಂಡು ಬಾಯಾರ್ಸೋ ಊರು ಅದು.” ಆಮೇಲೆ ಪಕ್ಕದ ಮನೆಗೆ ಕೇಳುವಂತೆ ಗಟ್ಟಿಯಾಗಿ ಕೂಗಿದರು: “ಏಮಯ್ಯಾ! ನಮ್ಮ ನಾಯ್ನ ಯಾರ್ನೂ ಕಟ್ಕೊಂಡಿಲ್ಲ. ಕೆಲ್ಸದಾಗೇ ಸತ್ತವ್ನೆ. ಕೇಳಿಸ್ತಾ?” ತಾತ ಅಳುತ್ತಿದ್ದರು, ಎದೆಯಿಂದ ಭಾರ ಇಳಿದವನ ಅಳು.

ಎಡೆಗೆ ಯಾವ ದಿನ ಎಂದು ನಾನು ಚಿಂತಿಸಿದೆ. ಸತ್ತ ತಿಥಿ ಕಡತದಲ್ಲಿಲ್ಲ ಎಂದೆ. ಸೊಸೆ ನಕ್ಕಳು: “ಅದುಕ್ಕೇನು ಮೇಷ್ಟ್ರೇ? ತಿಥಿ ಗೊತ್ತಿಲ್ದೋರ್ಗೆಲ್ಲ ಮಾಲಯ ಅಮಾಸೆ ಇದ್ಯಲ್ಲ.” ತಾರೀಖುಗಳ ಹಿಂದೆ ಅಲೆದು ನಾನು ಬದುಕಿದ್ದೆ, ತಾರೀಖು ಸಿಗದವರಿಗೂ ಒಂದು ದಿನವನ್ನು ಎತ್ತಿಟ್ಟಿದ್ದಾರೆಂಬುದು ನನಗೆ ತೋಚಿರಲಿಲ್ಲ.

ಶುಭಕೃತ್ ಸಂವತ್ಸರದ ಮಹಾಲಯ ಅಮಾವಾಸ್ಯೆಯಂದು ನನ್ನನ್ನೂ ಕರೆದರು. ಗೋಡೆಯ ಬುಡದಲ್ಲಿ ಎಲೆಗಳ ಸಾಲು. ಹೊಸ ಎಲೆಯ ಮುಂದೆ ಉಳಿ, ಸುತ್ತಿಗೆ. ಮುದ್ದೆ, ಸಾರು, ವಡೆ ಬಡಿಸಿದರು. ಒಂದು ತುಂಡು ಒಣಮೀನನ್ನೂ ಇಟ್ಟರು. “ಅಲ್ಲಿ ಅಭ್ಯಾಸ ಆಗಿರ್ತದೆ,” ಎಂದು ದಾಯಾದಿ ಮೆಲ್ಲಗೆ ಅಂದಾಗ ತಾತನೇ ನಕ್ಕರು. ಬಳಿಕ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಜಗುಲಿಯಲ್ಲಿ ಕಾಯುತ್ತಿದ್ದಾಗ ತಾತ ನನ್ನ ಕಡೆಗೆ ತಿರುಗಿದರು.

“ಇನ್ನೂ ಹತ್ತು ಜನ ಅವ್ರೆ, ಅಲ್ವಾ? ಅವ್ರ ಮನೇಗಳಾಗೂ ಯಾರೋ ಕಾಯ್ತಿರ್ತಾರೆ. ಗುರುತು ಮಾತ್ರ ನಿಮ್ಮ ಪೆಟ್ಟಿಗೇಲೈತೆ.”

ಮಾರ್ಗದರ್ಶಕರಿಗೆ ಪತ್ರ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡೆ. ಅವರ ಉತ್ತರ ಎರಡು ಸಾಲಿನದು. ಅದನ್ನು ಇಲ್ಲಿ ಕೊಡುವುದಿಲ್ಲ. ಕಾಲೇಜಿನ ಕೆಲಸ ಬರಲಿಲ್ಲ. ಆಮೇಲಿನ ಆರು ವರ್ಷ ಪ್ರತಿ ರಜೆಯಲ್ಲೂ ಹತ್ತು ಹಾಳೆಗಳನ್ನು ಕೊಳವೆಯಲ್ಲಿ ಸುತ್ತಿಕೊಂಡು ಕಲ್ಲುಕುಟಿಗರ ಹಟ್ಟಿಗಳಿಗೆ ಅಲೆದೆ. ಬಾಡಿಗೆ ಸೈಕಲ್ಲಿನಲ್ಲಿ ನಂದಿಯ ಬುಡಕ್ಕೆ, ಬಸ್ಸಿನಲ್ಲಿ ಗೌರಿಬಿದನೂರಿಗೆ, ಅಲ್ಲಿಂದ ವಿದುರಾಶ್ವತ್ಥದ ಕಡೆಗೆ ನಡಿಗೆಯಲ್ಲಿ, ಚಿಂತಾಮಣಿಯಿಂದ ಕೈವಾರದ ಬಂಡೆಗಳಿಗೆ. ಕೆಲವೆಡೆ ಸರ್ವೆಯವನೆಂದು ಹೆದರಿದರು, ಕೆಲವೆಡೆ ಹುಚ್ಚನೆಂದು ಮಜ್ಜಿಗೆ ಕೊಟ್ಟರು. ತ್ರಿಶೂಲಕ್ಕೆ ಗೌರಿಬಿದನೂರಿನ ಕಡೆ ಮನೆ ಸಿಕ್ಕಿತು. ಮೀನಿನ ಮುಳ್ಳೆಂದು ನಾನು ಕರೆದದ್ದು ಜೋಳದ ತೆನೆಯಂತೆ. ಅದರ ಮನೆ ಚಿಂತಾಮಣಿಯ ಬಳಿ. ಇನ್ನೊಂದಕ್ಕೆ ಚಿಕ್ಕಬಳ್ಳಾಪುರದಲ್ಲಿ ಮೊಮ್ಮಗಳೊಬ್ಬಳು ಸಿಕ್ಕಳು. ಅರ್ಧಚಂದ್ರವನ್ನು ತಮ್ಮದೆನ್ನುವ ಬೇರೊಂದು ಮನೆತನ ಆ ಆರು ವರ್ಷದಲ್ಲಿ ಎಲ್ಲಿಯೂ ಎದುರಾಗಲಿಲ್ಲ. ತಾತನಿಗೆ ಹೇಳಿದ ‘ಹೂಂ’ಗೆ ಹೀಗೆ ತಡವಾಗಿಯಾದರೂ ಆಧಾರ ಒದಗಿತು.

ಏಳು ಹಾಳೆಗಳು ಉಳಿದವು. ಕೊನೆಯ ಸಲ ಕಂಡಾಗ ತಾತ ಹಾಸಿಗೆ ಹಿಡಿದಿದ್ದರು. “ಏಳು ಜನ ಸಿಗ್ಲಿಲ್ಲ ತಾತ,” ಎಂದೆ. “ಸಿಗ್ದೇ ಇದ್ರೆ ನೀವೇ ಇಟ್ಕೊಳ್ಳಿ ಮೇಷ್ಟ್ರೇ. ನಿಮ್ಮನೇಲೂ ಯಾರೂ ಇಲ್ವಲ್ಲ,” ಎಂದರು. ಅದೇ ವರ್ಷ ಅವರು ಹೋದರು. ಮಹಾಲಯಕ್ಕೆ ಎಂಟು ದಿನ ಮೊದಲೋ ಒಂಬತ್ತು ದಿನವೋ ಎಂಬುದರಲ್ಲಿ ನನ್ನ ದಿನಚರಿಗೂ ಅವರ ಸೊಸೆಯ ಲೆಕ್ಕಕ್ಕೂ ವ್ಯತ್ಯಾಸವಿದೆ. ಇದೊಂದರಲ್ಲಿ ಸೊಸೆಯನ್ನು ಒಪ್ಪುತ್ತೇನೆ.

ಆ ಅಮಾವಾಸ್ಯೆಯಿಂದ ಈವರೆಗೆ ಒಂದು ವರ್ಷವೂ ತಪ್ಪಿಸಿಲ್ಲ. ಏಳು ಹಾಳೆಗಳನ್ನು ಗೋಡೆಗೆ ಒರಗಿಸಿ, ಏಳು ಎಲೆ ಹಾಕಿ, ಬಂದ ಹಾಗೆ ಅಡಿಗೆ ಮಾಡಿ ಬಡಿಸುತ್ತೇನೆ. ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇನೆ. ವರ್ಷದಲ್ಲಿ ಅಷ್ಟು ಹೊತ್ತು ಮಾತ್ರ ನನ್ನ ಮನೆಯೊಳಗೆ ಜನರಿರುತ್ತಾರೆ. ಅವರ ಊಟ ಮುಗಿಯಲೆಂದು ನಾನು ಸ್ವಲ್ಪ ಹೆಚ್ಚೇ ಕಾಯುತ್ತೇನೆ.